ಹಳೇ ಸೇಫ್‌ವೇ ದಾಟಿ, ರೆಡ್ಡಿ ಬಂಕಿನ ಎದುರಿಗೆ

ಹೋದ ಶನಿವಾರ ಮನೇಲಿ ಸತ್ಯನಾರಾಯಣ ಪೂಜೆ ಇಟ್ಕೊಂಡಿದ್ವಿ. ದಾವಣಗೆರೆ ಕಡೆಯ ಒಂದು ಜೋಡಿ, ಮೆಲ್ಬರ್ನಿಗೆ ಬಂದು ಇನ್ನೂ ಮೂರು ತಿಂಗಳೂ ಆಗಿಲ್ಲ, ಅವ್ರನ್ನೂ ಕರೆದಿದ್ದೆ. ಹುಡುಗಿ ಫೋನ್ ಮಾಡಿ "ಅಕ್ಕಾ, ಮ್ಯಾಪು ಸುಮ್ನೆ ಸುತ್ತಿಸ್ತಾ ಐತ್ರಿ, ನೀವೇ ದಾರಿ ಹೇಳಿಬಿಡ್ರಿ" ಅಂದ್ಲು. ನಾನು ಒಂದು ಕೈಯಲ್ಲಿ ಸಜ್ಜಿಗೆ ತಿರುವ್ತಾ ಇನ್ನೊಂದು ಕೈಯಲ್ಲಿ ಫೋನ್ ಹಿಡ್ಕೊಂಡು, "ಸೇಫ್‌ವೇ ಸಿಗತ್ತಲ್ಲಮ್ಮ, ಅದು ದಾಟಿದ ಮೇಲೆ ಎಡಕ್ಕೆ ತಗೊಳ್ಳಿ, ಮುಂದೆ ಕೋಲ್ಸ್ ಎಕ್ಸ್‌ಪ್ರೆಸ್ ಬಂಕು, ಅದರ ಎದುರು ರೋಡಲ್ಲಿ ಮೂರನೇ ಮನೆ" ಅಂದೆ. ಆ ಕಡೆ ಗಂಡ ಹೆಂಡತಿ ಏನೋ ಗುಸುಗುಸು. ಆಮೇಲೆ "ಅಕ್ಕಾ, ಇಲ್ಲಿ ಸೇಫ್‌ವೇನೂ ಇಲ್ಲ, ಕೋಲ್ಸ್ ಬಂಕೂ ಇಲ್ಲ, ನಾವು ಇಲ್ಲೇ ರೆಡ್ಡಿ ಹತ್ರ ನಿಂತೀವಿ" ಅಂದ್ಲು. ಯಾವ ರೆಡ್ಡಿ ಅಂತ ಒಂದು ಕ್ಷಣ ನನಗೆ ಹೊಳೀಲೇ ಇಲ್ಲ, ಚಿಂತಾಮಣಿ ಕಡೆಯ ಯಾರೋ ರೆಡ್ಡಿಗಳು ನಮ್ಮ ಏರಿಯಾಗೆ ಬಂದು ನನಗೇ ಗೊತ್ತಾಗ್ಲಿಲ್ವಲ್ಲ ಅಂತ ಬೇಜಾರು ಬೇರೆ ಆಯ್ತು!

ರೆಡ್ಡಿ ಅಂದ್ರೆ ರೆಡ್ಡಿ ಎಕ್ಸ್‌ಪ್ರೆಸ್. ನಾನು ಕೋಲ್ಸ್ ಎಕ್ಸ್‌ಪ್ರೆಸ್ ಅಂತಿದ್ದ ಬಂಕಿಗೆ ಈಗಿರೋ ಹೆಸರು ಅದು. ರೆಡಿ ಅನ್ನೋದನ್ನೇ ಸ್ವಲ್ಪ ಸ್ಟೈಲಾಗಿ ಬರೆದಿದಾರೆ ಅಷ್ಟೆ, ಆದ್ರೆ ಆ ಹೆಸರು ಇಟ್ಟೋರಿಗೆ ಒಬ್ಬ ಕೋಲಾರದವ್ರನ್ನೋ ಅನಂತಪುರದವ್ರನ್ನೋ ಕೇಳೋಣ ಅನ್ನಿಸ್ಲಿಲ್ಲ ಅನ್ಸತ್ತೆ. ಇನ್ನು ಸೇಫ್‌ವೇ ಅಂದ್ರೆ ವೂಲ್‌ವರ್ತ್ಸ್ ಸೂಪರ್‌ಮಾರ್ಕೆಟ್ಟಿಗೆ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿದ್ದ ಹಳೇ ಹೆಸರು. ಆ ಬೋರ್ಡು ನಮ್ಮ ಕಡೆಯಿಂದ ಹೋಗಿ ಹತ್ತು ಹದಿನೈದು ವರ್ಷ ಆಯ್ತು, ಅಲ್ಲಿ ಈಗ ಹಸಿರು ವೂಲ್‌ವರ್ತ್ಸ್ ಇದೆ, ಆದ್ರೂ ನನ್ನ ಬಾಯಿಗೆ ಬರೋದು ಸೇಫ್‌ವೇನೇ. ನನ್ನೊಬ್ಬಳ ಕಥೆ ಅಲ್ಲ ಇದು, ವಿಕ್ಟೋರಿಯಾದಲ್ಲಿ ಸ್ವಲ್ಪ ವಯಸ್ಸಾದೋರ್ನ ಕೇಳಿ ನೋಡಿ, ಅರ್ಧ ಜನ ಇವತ್ತಿಗೂ ಸೇಫ್‌ವೇಗೇ ಹೋಗೋದು. ಬೆಂಗಳೂರಲ್ಲಿ ಮೆಜೆಸ್ಟಿಕ್ ಅಂತ ಒಂದು ಟಾಕೀಸು ಇತ್ತು ಅನ್ನೋದೇ ಗೊತ್ತಿಲ್ದಿರೋ ಹುಡುಗರೂ ಬಸ್ ಹತ್ತಿ "ಮೆಜೆಸ್ಟಿಕ್ ಒಂದು" ಅಂತ ಟಿಕೆಟ್ ತಗೊಳಲ್ವಾ, ಹಾಗೇ.

ನಾವು ಇಲ್ಲಿಗೆ ಬಂದಿದ್ದು 2006ರ ಜನವರಿ. ನಮ್ಮನೆಯವ್ರಿಗೆ ಸಣ್ಣ ಕೆಲಸ, ನನಗೆ ಕೆಲಸ ಇಲ್ಲ, ಹನ್ನೆರಡು ವರ್ಷ ಹಳೇ ಕೊರೊಲಾ ಕಾರು ಒಂದು. ಆಗ ನಮ್ಮನೆ ಫ್ರಿಜ್ ಬಾಗಿಲ ಮೇಲೆ ದೇವರ ಫೋಟೋ ಇರೋ ಮ್ಯಾಗ್ನೆಟ್ ಒಂದು ಇತ್ತು, ಅದರ ಕೆಳಗೆ ಯಾವಾಗ್ಲೂ ನಾಲ್ಕೈದು ಚೀಟಿ ಸಿಕ್ಕಿಸಿರ್ತಿತ್ತು. ಸೂಪರ್‌ಮಾರ್ಕೆಟ್ ಬಿಲ್ಲಿನ ಕೊನೇಲಿ ಬರ್ತಿದ್ದ ಪೆಟ್ರೋಲ್ ಚೀಟಿ. ಇಲ್ಲಿನೋರು ಡಾಕೆಟ್ ಅಂತಾರೆ. ಒಂದೇ ಸಲ 30 ಡಾಲರ್ ಸಾಮಾನು ತಗೊಂಡ್ರೆ ಲೀಟರಿಗೆ 4 ಸೆಂಟ್ ಕಡಿಮೆ. ಸೇಫ್‌ವೇ ಚೀಟಿ ಕಾಲ್ಟೆಕ್ಸ್ ಬಂಕಿಗೆ, ಕೋಲ್ಸ್ ಚೀಟಿ ಶೆಲ್ ಬಂಕಿಗೆ, ಅದಲು ಬದಲು ಮಾಡೋ ಹಾಗಿಲ್ಲ. ಬಿಲ್ಲು 27 ಡಾಲರಿಗೆ ನಿಂತ್ರೆ ನಾನು ಕೌಂಟರಿನವಳಿಗೆ ಒಂದ್ನಿಮಿಷ ಅಂತ ಸನ್ನೆ ಮಾಡಿ ವಾಪಸ್ ಓಡಿ ಹೋಗಿ ಬಿಸ್ಕೆಟ್ಟೋ ಕ್ಯಾಪ್ಸಿಕಮ್ಮೋ ಎತ್ಕೊಂಡು ಬರ್ತಿದ್ದೆ, ಹಿಂದೆ ನಿಂತೋರೆಲ್ಲ ಕಣ್ಣು ಬಿಡ್ತಿದ್ರು. 45 ಲೀಟರ್ ಟ್ಯಾಂಕಿಗೆ ಉಳೀತಿದ್ದಿದ್ದು ಎಷ್ಟು ಅಂದ್ರೆ 1 ಡಾಲರ್ 80 ಸೆಂಟ್. ಅದನ್ನ ಉಳಿಸೋಕೆ ಮೂರು ಡಾಲರ್ ಜಾಸ್ತಿ ಖರ್ಚು. ಮೇಲೆ ಆ ಚೀಟಿ ಕಾರಲ್ಲಿ ಮರೆತು ಬಿಟ್ರೆ ಬೇಸಿಗೆ ಬಿಸಿಲಿಗೆ ಅಕ್ಷರ ಎಲ್ಲ ಹಾರಿ ಹೋಗಿ ಬರೀ ಕಂದು ಬಣ್ಣದ ಕಾಗದ ಉಳೀತಿತ್ತು, ಆಗ ನಮ್ಮನೆಯವ್ರು ಅದನ್ನ ಬೆಳಕಿಗೆ ಹಿಡಿದು ಬಾರ್‌ಕೋಡ್ ಕಾಣತ್ತಾ ಅಂತ ನೋಡ್ತಾ ನಿಲ್ತಿದ್ರು, ಇಂಜಿನಿಯರಿಂಗ್ ಓದಿದ ಮನುಷ್ಯ.

ಈ ಚೀಟಿ ಆಟ ಶುರು ಮಾಡಿದ್ದು ವೂಲ್‌ವರ್ತ್ಸ್. ನ್ಯೂ ಸೌತ್ ವೇಲ್ಸಿನ ಡಬ್ಬೋ ಅನ್ನೋ ಊರಲ್ಲಿ 1996ರಲ್ಲಿ ತಮ್ಮದೇ ಮೊದಲ ಬಂಕ್ ತೆಗೆದ್ರು. 2003ರಲ್ಲಿ ಕೋಲ್ಸ್‌ನೋರು ಶೆಲ್ ಜೊತೆ ಕೈ ಜೋಡಿಸಿದ್ರು, ಅದೇ ವರ್ಷ ವೂಲ್‌ವರ್ತ್ಸ್ ಕಾಲ್ಟೆಕ್ಸ್ ಜೊತೆ. ಅಲ್ಲಿಂದ ಜಗಳ ಜೋರಾಯ್ತು, 4 ಸೆಂಟು 8 ಆಯ್ತು, ಕೆಲವು ವಾರ ಅದಕ್ಕೂ ಮೇಲೆ ಹೋಯ್ತು. ನಾವು ಖುಷಿಯಾಗೇ ಇದ್ವಿ. ಆದ್ರೆ ರೋಡಿನ ಆಚೆ ಬದಿ ದಿನಸಿ ಅಂಗಡಿ ಹಿಂದೆ ಇಲ್ಲದ, ಬರೀ ಪೆಟ್ರೋಲ್ ಮಾರೋ ಬಡಪಾಯಿ ಬಂಕಿನವನು ಏನು ಮಾಡ್ಬೇಕು? ಅವನ ಹತ್ರ ಅಕ್ಕಿ ಬೇಳೆ ಲಾಭದಲ್ಲಿ ಪೆಟ್ರೋಲ್ ನಷ್ಟ ತುಂಬಿಸ್ಕೊಳೋ ದಾರಿ ಇರ್ಲಿಲ್ವಲ್ಲ. ಕೊನೆಗೆ ಎಸಿಸಿಸಿ, ಅಂದ್ರೆ ಇಲ್ಲಿನ ಸ್ಪರ್ಧೆ ಮತ್ತು ಗ್ರಾಹಕರ ಆಯೋಗ, ಮಧ್ಯ ಬಂದು 2013ರ ಡಿಸೆಂಬರಲ್ಲಿ ಇಬ್ಬರ ಹತ್ರಾನೂ ಮುಚ್ಚಳಿಕೆ ಬರೆಸ್ಕೊಂಡ್ರು, ದಿನಸಿ ಬಿಲ್ಲಿನ ಮೇಲೆ ಕೊಡೋ ಪೆಟ್ರೋಲ್ ರಿಯಾಯಿತಿ 4 ಸೆಂಟ್ ದಾಟೋ ಹಾಗಿಲ್ಲ ಅಂತ.

ಈಗ ನೋಡಿದ್ರೆ ಆ ಇಬ್ಬರೂ ಬಂಕುಗಳನ್ನ ಮಾರಿ ಕೈ ತೊಳ್ಕೊಂಡಿದಾರೆ. ವೂಲ್‌ವರ್ತ್ಸ್‌ನೋರು ಮೊದಲು ಬಿಪಿ ಅನ್ನೋ ಪೆಟ್ರೋಲ್ ಕಂಪ್ನಿಗೆ ಮಾರೋಕೆ ಹೊರಟ್ರು, ಎಸಿಸಿಸಿ ಬೇಡ ಅಂತು, ಆಮೇಲೆ 2019ರಲ್ಲಿ ಇಜಿ ಗ್ರೂಪ್ ಅನ್ನೋ ಇಂಗ್ಲೆಂಡಿನ ಕಂಪ್ನಿಗೆ 172.5 ಕೋಟಿ ಡಾಲರಿಗೆ ಹೋಯ್ತು. ಇದ್ರಲ್ಲಿ ನನಗೆ ಇಷ್ಟ ಆಗಿದ್ದು ಏನಂದ್ರೆ, ಆ ಕಂಪ್ನಿ ಕಟ್ಟಿದ್ದು ಮೊಹ್ಸಿನ್ ಮತ್ತು ಜುಬರ್ ಇಸ್ಸಾ ಅನ್ನೋ ಅಣ್ಣ ತಮ್ಮ, ಅಪ್ಪ ಅಮ್ಮ ಗುಜರಾತಿನಿಂದ ಹೋದೋರು, ಇವ್ರು 2001ರಲ್ಲಿ ಮ್ಯಾಂಚೆಸ್ಟರ್ ಹತ್ರದ ಬರಿ ಅನ್ನೋ ಊರಲ್ಲಿ ಒಂದೇ ಒಂದು ಬಂಕಿನಿಂದ ಶುರು ಮಾಡಿದ್ದು. ಕೋಲ್ಸ್‌ನೋರದು ಇನ್ನೂ ಮಜಾ. 2023ರ ಮೇನಲ್ಲಿ ಕೋಲ್ಸ್ ಎಕ್ಸ್‌ಪ್ರೆಸ್ ವೀವಾ ಎನರ್ಜಿಗೆ 30 ಕೋಟಿ ಡಾಲರಿಗೆ ಹೋಯ್ತು. ಈ ವೀವಾ ಯಾರು ಅಂದ್ರೆ, ಶೆಲ್ ಕಂಪ್ನಿ 2014ರಲ್ಲಿ ಆಸ್ಟ್ರೇಲಿಯಾದ ಬಂಕು, ಗೀಲಾಂಗಿನ ರಿಫೈನರಿ ಎಲ್ಲ ವಿಟಾಲ್ ಅನ್ನೋ ತೈಲ ವ್ಯಾಪಾರಿಗಳಿಗೆ ಮಾರಿ ಹೋಯ್ತಲ್ಲ, ಆಗ ಹುಟ್ಟಿಕೊಂಡಿದ್ದು. ಅಂದ್ರೆ ನಾನು ಇಷ್ಟು ವರ್ಷ ಶೆಲ್ಲಿನ ಹಳದಿ ಚಿಪ್ಪಿನ ಕೆಳಗೆ ನಿಂತು ಹಾಕ್ಸಿದ ಪೆಟ್ರೋಲು ವೀವಾದು, ಒಳಗೆ ದುಡ್ಡು ತಗೋತಿದ್ದೋರು ಕೋಲ್ಸ್, ಬೋರ್ಡು ಮಾತ್ರ ಶೆಲ್ಲಿಂದು, ಅದೂ ಲೈಸೆನ್ಸ್ ಮೇಲೆ. ಒಂದೇ ಮನೇಲಿ ಮೂರು ಒಲೆ ಇದ್ದ ಹಾಗೆ. ವೀವಾ ಆಮೇಲೆ ಅಡಿಲೇಡಿನ ಆನ್ ದ ರನ್ ಅಂಗಡಿಗಳನ್ನೂ ತಗೊಂಡು ಹಳೇ ಬಂಕುಗಳನ್ನ ನಿಧಾನಕ್ಕೆ ಆ ಹೆಸರಿಗೆ ಬದಲಾಯಿಸ್ತಿದೆ. ನಮ್ಮ ರೆಡ್ಡಿಯವ್ರೂ ಇನ್ನೆಷ್ಟು ದಿನ ಇರ್ತಾರೋ.

ನಮ್ಮ ಮಾವನವ್ರು 2012ರಲ್ಲಿ ಮೂರು ತಿಂಗಳಿಗೆ ಬಂದಿದ್ರು. ಹಾಸನದ ಕೆಎಸ್ಸಾರ್ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದೋರು, ಅವ್ರಿಗೆ ಓಪೆರಾ ಹೌಸು ಸಮುದ್ರ ಇದೆಲ್ಲ ಅಷ್ಟಕ್ಕಷ್ಟೆ. ಒಂದಿನ ಪೆಟ್ರೋಲ್ ಹಾಕ್ಸೋಕೆ ನಿಲ್ಲಿಸಿದಾಗ ಕಾರಿಂದ ಇಳಿದೋರು ಕೆಂಪು ನಕ್ಷತ್ರದ ಬೋರ್ಡು ನೋಡ್ತಾ ಹಾಗೇ ನಿಂತುಬಿಟ್ರು. "ಕಾಲ್ಟೆಕ್ಸು! ಇದು ಇನ್ನೂ ಇದೆಯೇನಮ್ಮಾ?" ಅಂತ. ಅವ್ರ ಲೆಕ್ಕದಲ್ಲಿ ಕಾಲ್ಟೆಕ್ಸ್ ಸತ್ತು ಆಗ್ಲೇ ಮೂವತ್ತೈದು ವರ್ಷ ಆಗಿತ್ತು. ನಮ್ಮಲ್ಲಿ 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ಲು, ಕಾಲ್ಟೆಕ್ಸು ಎಲ್ಲ ಸರ್ಕಾರದ ಕೈಗೆ ಬಂದ್ವಲ್ಲ, ಬರ್ಮಾ ಶೆಲ್ ಹೋಗಿ ಭಾರತ್ ಪೆಟ್ರೋಲಿಯಂ ಆಯ್ತು, ಎಸ್ಸೋ ಮತ್ತು ಕಾಲ್ಟೆಕ್ಸ್ ಎರಡೂ ಹಿಂದೂಸ್ತಾನ್ ಪೆಟ್ರೋಲಿಯಂ ಒಳಗೆ ಸೇರಿಹೋದ್ವು. ಅವ್ರು ಹುಡುಗರಾಗಿದ್ದಾಗ ಗ್ಯಾರೇಜಲ್ಲಿ ಕೆಲಸ ಕಲಿತಿದ್ದು ಕಾಲ್ಟೆಕ್ಸ್ ಬಂಕಿನ ಪಕ್ಕದಲ್ಲಂತೆ. ಆ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸ್ಕೊಂಡ್ರು, ಪಂಪಿನ ಪಕ್ಕ, ಸ್ವೆಟರ್ ಮೇಲೆ ಮಫ್ಲರ್ ಸುತ್ಕೊಂಡು. ಮೂರು ತಿಂಗಳಲ್ಲಿ ಅವ್ರೇ ಕೇಳಿ ತೆಗೆಸ್ಕೊಂಡ ಫೋಟೋ ಅದೊಂದೇ.

ಆ ಕಾಲ್ಟೆಕ್ಸ್ ಕಥೆ ಅಲ್ಲಿಗೆ ಮುಗೀಲಿಲ್ಲ. ಆಸ್ಟ್ರೇಲಿಯಾದವ್ರದ್ದೇ ಆದ ಆಂಪೋಲ್ ಅನ್ನೋ ಕಂಪ್ನಿ ಒಂದಿತ್ತು, 1936ರಲ್ಲಿ ಶುರುವಾಗಿದ್ದು, ವಿದೇಶಿ ಎಣ್ಣೆ ಕಂಪ್ನಿಗಳು ನಮ್ಮನ್ನ ಸುಲೀತಾವೆ ಅನ್ನೋ ಸಿಟ್ಟಲ್ಲಿ. 1995ರಲ್ಲಿ ಅದು ಕಾಲ್ಟೆಕ್ಸ್ ಜೊತೆ ಸೇರ್ತು, ನಿಧಾನಕ್ಕೆ ಆಂಪೋಲ್ ಬೋರ್ಡುಗಳು ಇಳಿದು ಕೆಂಪು ನಕ್ಷತ್ರ ಏರ್ತು. ಇದಕ್ಕೂ ಮುಂಚೆ 1981ರಲ್ಲಿ ಕಾಲ್ಟೆಕ್ಸ್ ಗೋಲ್ಡನ್ ಫ್ಲೀಸ್ ಅನ್ನೋದನ್ನೂ ನುಂಗಿತ್ತು, ಟಗರಿನ ಗುರುತಿನ ಬಂಕು ಅದು. ನಮ್ಮ ಪಕ್ಕದ್ಮನೆ ಅಜ್ಜನ ಶೆಡ್ಡಲ್ಲಿ ಆ ಟಗರು ಇರೋ ಹಳೇ ಆಯಿಲ್ ಡಬ್ಬ ಒಂದಿದೆ, ಒಳಗೆ ಮೊಳೆ ತುಂಬಿಟ್ಟಿದಾನೆ, ಕೊಡು ಅಂತ ಯಾರೋ 200 ಡಾಲರ್ ಆಸೆ ತೋರ್ಸಿದ್ರೂ ಕೊಡ್ಲಿಲ್ವಂತೆ. ಸರಿ, ಕಾಲ್ಟೆಕ್ಸ್ ಅನ್ನೋ ಹೆಸರಿನ ಯಜಮಾನರು ಅಮೆರಿಕದ ಶೆವ್ರಾನ್. ಅವ್ರು 2015ರಲ್ಲಿ ಇಲ್ಲಿದ್ದ ತಮ್ಮ ಅರ್ಧ ಪಾಲು ಮಾರಿ ಹೊರಟ್ರು, ಹೆಸರು ಮಾತ್ರ ಲೈಸೆನ್ಸ್ ಮೇಲೆ ಬಿಟ್ಟು ಹೋದ್ರು. 2019ರ ಕೊನೇಲಿ ಆ ಹೆಸರನ್ನ ವಾಪಸ್ ಕೇಳಿದ್ರು. ಬಾಡಿಗೆ ಮನೆ ಓನರ್ ಬಂದು ಖಾಲಿ ಮಾಡಿ ಅಂದ ಹಾಗೆ. ಇಲ್ಲಿನ ಕಾಲ್ಟೆಕ್ಸ್‌ನೋರು ಅಟ್ಟದಿಂದ ಹಳೇ ಪಾತ್ರೆ ಇಳಿಸಿದ ಹಾಗೆ ಆಂಪೋಲ್ ಹೆಸರನ್ನ ಇಳಿಸಿ ತೊಳೆದು 2020ರಲ್ಲಿ ಮತ್ತೆ ನೇತು ಹಾಕಿದ್ರು. ಪಕ್ಕದ್ಮನೆ ಅಜ್ಜನಿಗೆ ಹೋದ ಗೆಳೆಯ ವಾಪಸ್ ಬಂದಷ್ಟು ಖುಷಿ.

ನಾನು ಇದನ್ನೆಲ್ಲ ಮಾವನವ್ರಿಗೆ ಹೇಳೋಕೆ ಹೋಗ್ಲಿಲ್ಲ. ಅವ್ರ ಫೋಟೋದ ಬೋರ್ಡು ಎರಡನೇ ಸಲ ಸತ್ತಿದೆ ಅಂತ ಹೇಗೆ ಹೇಳೋದು.

ಅಂಗಡಿಗಳ ವಿಷಯಕ್ಕೆ ಬಂದ್ರೆ ಈ ಹೆಸರಿನ ಆಟ ಇನ್ನೂ ತಮಾಷೆ. ವೂಲ್‌ವರ್ತ್ಸ್ ಅನ್ನೋದು ಅಮೆರಿಕದಲ್ಲಿ, ಇಂಗ್ಲೆಂಡಲ್ಲಿ ಹೆಸರು ಮಾಡಿದ್ದ ಅಂಗಡಿ. ಸಿಡ್ನಿಯ ಪಿಟ್ ಸ್ಟ್ರೀಟಲ್ಲಿ 1924ರ ಡಿಸೆಂಬರಲ್ಲಿ ಒಂದು ನೆಲಮಾಳಿಗೆ ಅಂಗಡಿ ತೆಗೆದೋರು, ಆ ಹೆಸರು ಇಲ್ಲಿ ಯಾರೂ ರಿಜಿಸ್ಟರ್ ಮಾಡಿಲ್ಲ ಅಂತ ಗೊತ್ತಾಗಿ ಅದನ್ನೇ ಇಟ್ಕೊಂಡ್ರು. ಸಂಬಂಧ ಏನೂ ಇಲ್ಲ. ಅಮೆರಿಕದ ವೂಲ್‌ವರ್ತ್ ಅಂಗಡಿಗಳು 1997ರಲ್ಲಿ ಮುಚ್ಚಿದ್ವು, ಇಂಗ್ಲೆಂಡಿನವು 2009ರ ಜನವರಿಗೆ ಎಲ್ಲ ಬಂದ್. ಹೆಸರು ಎರವಲು ತಗೊಂಡ ಇವ್ರು ಮಾತ್ರ ನೂರು ವರ್ಷ ತುಂಬಿಸ್ಕೊಂಡು ಮೊದಲ ಸ್ಥಾನದಲ್ಲಿ ಕೂತಿದಾರೆ. ಬಟ್ಟೆಯಿಂದ ಪಾತ್ರೆವರೆಗೆ ಎಲ್ಲ ಮಾರೋ ಕೇಮಾರ್ಟೂ ಹಾಗೇ. 1969ರಲ್ಲಿ ಮೆಲ್ಬರ್ನಿನ ಬರ್‌ವುಡ್ ಈಸ್ಟಲ್ಲಿ ಕೋಲ್ಸ್‌ನೋರು ಅಮೆರಿಕದ ಕಂಪ್ನಿ ಜೊತೆ ಪಾಲಲ್ಲಿ ತೆಗೆದಿದ್ದು, ಆಮೇಲೆ ಪೂರ್ತಿ ಇಲ್ಲಿನವ್ರದ್ದೇ ಆಯ್ತು. ಅಮೆರಿಕದ ಕೇಮಾರ್ಟ್ 2002ರಲ್ಲಿ ದಿವಾಳಿ ಅರ್ಜಿ ಹಾಕ್ತು, 2024ರಲ್ಲಿ ಅಲ್ಲಿನ ಮುಖ್ಯ ಭೂಭಾಗದ ಕೊನೇ ದೊಡ್ಡ ಅಂಗಡಿಗೂ ಬೀಗ ಬಿತ್ತು. ಇಲ್ಲಿ ಕೇಮಾರ್ಟಿಗೆ ಹೋಗದ ಮನೆ ಇಲ್ಲ.

ಟಾರ್ಗೆಟ್ ಮಾತ್ರ ಉಲ್ಟಾ. ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಲ್ಲಿ ಟಾರ್ಗೆಟ್‌ನಲ್ಲಿ ಕೆಲಸ ಮಾಡ್ತಾನೆ. ಅವನಿಗೆ ಕೆಲಸ ಸಿಕ್ಕಿದಾಗ ನಾನು ಸಂಭ್ರಮದಲ್ಲಿ "ಲೋ, ಎಂಪ್ಲಾಯಿ ಡಿಸ್ಕೌಂಟ್ ಇಲ್ಲಿಗೂ ಬರತ್ತೇನೋ ಕೇಳೋ, ಮಕ್ಕಳಿಗೆ ಬಟ್ಟೆ ತಗೋಬೇಕು" ಅಂದಿದ್ದೆ. ಅವನು ಪಾಪ ವಿಚಾರ್ಸಿ "ಅಕ್ಕಾ, ನಿಮ್ ಟಾರ್ಗೆಟ್ಟೇ ಬೇರೆ ನಮ್ ಟಾರ್ಗೆಟ್ಟೇ ಬೇರೆ ಕಣೇ" ಅಂದ. ಅದೇ ಹೆಸರು, ಅದೇ ಕೆಂಪು ಚಕ್ರ, ಆದ್ರೆ ಇಲ್ಲಿಂದು 1926ರಲ್ಲಿ ಗೀಲಾಂಗಿನಲ್ಲಿ ಲಿಂಡ್ಸೇ ಅಂಡ್ ಮೆಕೆಂಜಿ ಅನ್ನೋ ಬಟ್ಟೆ ಅಂಗಡಿಯಾಗಿ ಹುಟ್ಟಿದ್ದು, 1968ರಲ್ಲಿ ಮೈಯರ್ ಅನ್ನೋ ದೊಡ್ಡ ಅಂಗಡಿಯೋರು ಕೊಂಡ್ಕೊಂಡು ಟಾರ್ಗೆಟ್ ಮಾಡಿದ್ದು. ಅಮೆರಿಕದ್ದು ಇವತ್ತಿಗೂ ದೈತ್ಯ, ನಮ್ದು ಸೊರಗಿದೆ.

ಸೊರಗಿಸಿದ್ದು ಯಾರು ಅಂದ್ರೆ ಹೊರಗಿನೋರಲ್ಲ, ಕೇಮಾರ್ಟು. ಇಬ್ಬರೂ ಒಂದೇ ಮನೆಯ ವಾರಗಿತ್ತಿಯರು. ವೆಸ್‌ಫಾರ್ಮರ್ಸ್ ಅನ್ನೋ ಪರ್ತ್ ಕಂಪ್ನಿ 2007ರಲ್ಲಿ ಕೋಲ್ಸ್ ಕೊಂಡಾಗ ಅದರ ಜೊತೆಗೆ ಕೇಮಾರ್ಟು ಟಾರ್ಗೆಟ್ಟು ಎರಡೂ ಬಂದ್ವು. ಆಗ ಚೆನ್ನಾಗಿದ್ದ ಸೊಸೆ ಟಾರ್ಗೆಟ್ಟೇ, ಇಲ್ಲಿನೋರು ಫ್ರೆಂಚ್ ಥರ ಎಳೆದು ಟಾರ್‌ಜೇ ಅಂತ ತಮಾಷೆಗೆ ಕರೀತಿದ್ರು, ಕೇಮಾರ್ಟ್ ಅಂದ್ರೆ ಕತ್ತಲೆ ಅಂಗಡಿ, ರಾಶಿ ಬಿದ್ದ ಸಾಮಾನು. 2008ರಲ್ಲಿ ಮೆಕ್‌ಡೊನಾಲ್ಡ್ಸ್ ನಡೆಸಿದ ಅನುಭವ ಇದ್ದ ಗೈ ರುಸ್ಸೊ ಅನ್ನೋರು ಕೇಮಾರ್ಟಿಗೆ ಬಂದ್ರು. ಹೊರಗಿನ ಬ್ರ್ಯಾಂಡು ತೆಗೆದ್ರು, ಸೇಲು ಪಾಲು ಅನ್ನೋದೇ ನಿಲ್ಲಿಸಿದ್ರು, ಫ್ಯಾಕ್ಟರಿಯಿಂದ ನೇರ ತರಿಸಿ ತಮ್ಮದೇ ಲೇಬಲ್ ಹಾಕಿ ವರ್ಷಪೂರ್ತಿ ಒಂದೇ ಕಡಿಮೆ ರೇಟು, ಅದೂ ಚಿಲ್ಲರೆ ಇಲ್ಲದೆ ದುಂಡಗೆ. ಬಿಲ್ಲಿಂಗ್ ಕೌಂಟರ್‌ಗಳನ್ನ ಬಾಗಿಲಿಂದ ಎತ್ತಿ ಅಂಗಡಿಯ ನಟ್ಟನಡುವೆ ಇಟ್ರು, ಅದನ್ನ ಮಾತ್ರ ನಾನು ಇವತ್ತಿಗೂ ಒಪ್ಪಲ್ಲ, ಬಿಲ್ ಮಾಡ್ಸಿದ ಮೇಲೆ ಹೊರಗೆ ಬರೋ ದಾರೀಲಿ ಇನ್ನೆರಡು ಸಾಮಾನು ಕಣ್ಣಿಗೆ ಬೀಳತ್ತೆ, ಮತ್ತೆ ಕ್ಯೂ ನಿಲ್ಬೇಕು. ಆದ್ರೆ ಒಂದು ಮಾತು, ಅದೇ ತರದ ಟವೆಲ್ಲು ಅರ್ಧ ರೇಟಿಗೆ ಪಕ್ಕದಲ್ಲೇ ಸಿಗುವಾಗ ಟಾರ್ಗೆಟ್ಟಿಗೆ ಯಾಕೆ ಹೋಗ್ತಾರೆ ಯಾರಾದ್ರೂ? 2020ರ ಮೇನಲ್ಲಿ ವೆಸ್‌ಫಾರ್ಮರ್ಸ್‌ನೋರು ನೂರೈವತ್ತಕ್ಕೂ ಹೆಚ್ಚು ಟಾರ್ಗೆಟ್ ಅಂಗಡಿಗಳನ್ನ ಮುಚ್ಚೋದು ಇಲ್ಲ ಕೇಮಾರ್ಟ್ ಮಾಡೋದು ಅಂತ ಹೇಳಿಬಿಟ್ರು. ಸಣ್ಣ ಊರುಗಳಲ್ಲಿದ್ದ ಟಾರ್ಗೆಟ್ ಕಂಟ್ರಿಗಳಲ್ಲಿ ಕೆಲವು ಕೆ ಹಬ್ ಅನ್ನೋ ಸಣ್ಣ ಕೇಮಾರ್ಟ್ ಆದ್ವು, ಉಳಿದಿದ್ದು ಬೀಗ.

2021ರ ಶುರುವಲ್ಲಿ ಲಾಕ್‌ಡೌನ್ ಎಲ್ಲ ಸಡಿಲ ಆದ ಮೇಲೆ ಗ್ರಾಂಪಿಯನ್ಸ್ ಬೆಟ್ಟದ ಕಡೆ ಹೊರಟಾಗ ದಾರೀಲಿ ಅಂಥ ಒಂದು ಸಣ್ಣ ಊರಲ್ಲಿ ನಿಲ್ಲಿಸಿದ್ವಿ. ಟಾರ್ಗೆಟ್ ಕಂಟ್ರಿಯ ಕೊನೇ ವಾರ. ಬಟ್ಟೆ ಎಲ್ಲ ಖಾಲಿ, ಒಂದು ಮೂಲೇಲಿ ದೊಡ್ಡ ಸೈಜಿನ ಈಜುಡುಗೆ ಮೂರು ನೇತಾಡ್ತಿತ್ತು. ಮಾರ್ತಿದ್ದಿದ್ದು ಅಂಗಡೀನೇ. ಸ್ಟ್ಯಾಂಡು, ಕನ್ನಡಿ, ಬಟ್ಟೆ ತೂಗುಹಾಕೋ ಕಂಬಿ, ತಲೆ ಇಲ್ಲದ ಬೊಂಬೆ, ಎಲ್ಲದಕ್ಕೂ ಕೈಯಲ್ಲಿ ಬರೆದ ಚೀಟಿ ಅಂಟಿಸಿದ್ರು. ನಾನು ಒಂದು ಕಟ್ಟು ಹ್ಯಾಂಗರ್ ತಗೊಂಡೆ. ಕೌಂಟರಲ್ಲಿದ್ದ ಹೆಂಗಸಿಗೆ ಅರವತ್ತರ ಹತ್ರ ಇರ್ಬೇಕು, ಬಿಲ್ ಹಾಕ್ತಾ ಹಾಕ್ತಾ ಹೇಳಿದ್ರು, ಈ ಊರಲ್ಲಿ ಇನ್ಮೇಲೆ ಮಕ್ಕಳ ಒಳಬಟ್ಟೆ ತಗೋಬೇಕಂದ್ರೂ ಒಂದು ಗಂಟೆ ಕಾರ್ ಓಡಿಸ್ಬೇಕು ಅಂತ. ಆಮೇಲೆ ಹ್ಯಾಂಗರ್‌ಗಳನ್ನ ಒಂದೇ ದಿಕ್ಕಿಗೆ ತಿರುಗಿಸಿ, ದಾರ ಕಟ್ಟಿ, ನೀಟಾಗಿ ಕೊಟ್ರು. ನಾಳೆ ಮುಚ್ಚೋ ಅಂಗಡೀಲಿ ಅಷ್ಟು ನೀಟಾಗಿ ಯಾಕೆ ಕಟ್ಟಬೇಕಿತ್ತೋ. ಅವು ಇನ್ನೂ ನನ್ನ ಬೀರುವಿನಲ್ಲಿವೆ, ರೇಷ್ಮೆ ಸೀರೆಗಳು ಅದ್ರ ಮೇಲೇ.

ದೊಡ್ಡ ದೊಡ್ಡೋರೂ ಇಲ್ಲಿ ಮುಗ್ಗರಿಸಿದಾರೆ ಬಿಡಿ. ಇಲ್ಲಿನ ದೊಡ್ಡ ಹಾರ್ಡ್‌ವೇರ್ ಅಂಗಡಿ ಬನಿಂಗ್ಸ್ ಮೇಲೆ ಹೊಟ್ಟೆಕಿಚ್ಚಿಗೆ ವೂಲ್‌ವರ್ತ್ಸ್‌ನೋರು ಅಮೆರಿಕದ ಲೋಸ್ ಜೊತೆ ಸೇರಿ 2011ರಲ್ಲಿ ಮಾಸ್ಟರ್ಸ್ ಅಂತ ಹಾರ್ಡ್‌ವೇರ್ ಅಂಗಡಿ ತೆಗೆದ್ರು, ಮೊದಲನೇದು ನಮ್ಮ ಪಶ್ಚಿಮ ಮೆಲ್ಬರ್ನಿನ ಬ್ರೇಬ್ರೂಕಲ್ಲೇ, 2016ಕ್ಕೆ ಬಾಗಿಲು ಹಾಕಿದ್ರು. ನಕ್ಕಿದ್ದ ಬನಿಂಗ್ಸ್‌ನೋರು ಇಂಗ್ಲೆಂಡಿಗೆ ಹೋಗಿ 34 ಕೋಟಿ ಪೌಂಡಿಗೆ ಹೋಮ್‌ಬೇಸ್ ಅನ್ನೋ ಅಂಥದೇ ಅಂಗಡಿ ಕೊಂಡು ಎರಡೇ ವರ್ಷಕ್ಕೆ ಒಂದು ಪೌಂಡಿಗೆ ಮಾರಿ ಬಂದ್ರು. ಒಂದು ಪೌಂಡು, ತಪ್ಪು ಓದಿಲ್ಲ ನೀವು. ಡಿಕ್ ಸ್ಮಿತ್ ಎಲೆಕ್ಟ್ರಾನಿಕ್ಸ್ ಅಂಗಡಿ 2016ರ ಜನವರಿಯಲ್ಲಿ ಕುಸಿದಾಗ ಕ್ರಿಸ್‌ಮಸ್ಸಿಗೆ ಗಿಫ್ಟ್ ಕಾರ್ಡ್ ತಗೊಂಡ ಜನಕ್ಕೆ ಅದು ಇನ್ಮೇಲೆ ನಡೆಯಲ್ಲ ಅಂದ್ರು. ಜರ್ಮನಿಯ ಸೂಪರ್‌ಮಾರ್ಕೆಟ್ ಕೌಫ್‌ಲ್ಯಾಂಡ್‌ದಂತೂ ಇವ್ರೆಲ್ಲರನ್ನೂ ಮೀರಿಸಿದ ಕಥೆ, ಜಾಗ ಕೊಂಡು, ಜನ ಸೇರಿಸಿ, ಕಟ್ಟೋಕೆ ಶುರು ಮಾಡಿ, ಒಂದು ಅಂಗಡೀನೂ ತೆಗೀದೆ 2020ರ ಜನವರಿಯಲ್ಲಿ ಗಂಟು ಮೂಟೆ ಕಟ್ಕೊಂಡು ಹೋದ್ರು. ಹುಟ್ಟೋಕೆ ಮುಂಚೆ ತಿಥಿ. ಹೊರಗಿಂದ ಬಂದು ಗಟ್ಟಿಯಾಗಿ ನೆಲೆ ನಿಂತಿದ್ದು 2001ರಲ್ಲಿ ಬಂದ ಆಲ್ಡಿ ಸೂಪರ್‌ಮಾರ್ಕೆಟ್, ಟ್ರಾಲಿಗೆ ನಾಣ್ಯ ಹಾಕು, ಸಾಮಾನು ನೀನೇ ತುಂಬ್ಕೋ, ಮಧ್ಯದ ಸಾಲಲ್ಲಿ ಬುಧವಾರ ಶನಿವಾರ ಏನು ಬರತ್ತೋ ಅದು ನಿನ್ನ ಅದೃಷ್ಟ. ತೊಗರಿಬೇಳೆ ತರೋಕೆ ಅಂತ ಹೋಗಿಲ್ಲ ಯಾರೂ, ಆದ್ರೆ ಹಾಲು ಬ್ರೆಡ್ಡು ಅಂತ ಹೋಗಿ ನಮ್ಮನೆಯವ್ರು ಒಂದ್ಸಲ ವೆಲ್ಡಿಂಗ್ ಹೆಲ್ಮೆಟ್ ತಂದಿದಾರೆ. ವೆಲ್ಡಿಂಗ್ ಬರಲ್ಲ ಅವ್ರಿಗೆ.

ಇಷ್ಟೆಲ್ಲ ಬೋರ್ಡು ಏರಿ ಇಳಿದ ಮೇಲೂ ನಾವು ದಿನಸಿಗೆ ಕೊಡೋ ದುಡ್ಡು ಹೋಗೋದು ಎಲ್ಲಿಗೆ ಅಂತ ನೋಡಿದ್ರೆ, 2025ರ ಎಸಿಸಿಸಿ ವರದಿ ಪ್ರಕಾರ ವೂಲ್‌ವರ್ತ್ಸ್ ಕೋಲ್ಸ್ ಎರಡೇ ಸೇರಿ ಸೂಪರ್‌ಮಾರ್ಕೆಟ್ ದಿನಸಿಯ 67 ಪರ್ಸೆಂಟು. ಹೆಸರು ಬದಲಾಗೋದು ನಮಗೆ ಕಾಣತ್ತೆ, ಅದರ ಹಿಂದೆ ಪೇಪರ್ ಯಾರ ಹೆಸರಲ್ಲಿದೆ ಅನ್ನೋದು ಕಾಣಲ್ಲ. ನನಗಂತೂ ಬೋರ್ಡು ನೋಡಿ ಇವ್ರು ಗೆದ್ರು ಅವ್ರು ಸೋತ್ರು ಅನ್ನೋ ಅಭ್ಯಾಸಾನೇ ಹೊರಟುಹೋಗಿದೆ. ಕಾಲ್ಟೆಕ್ಸ್ ಬೋರ್ಡು ಇಳಿದಾಗ ಆ ಬಂಕಲ್ಲಿ ಗಿರಾಕಿ ಏನೂ ಕಡಿಮೆ ಆಗಿರ್ಲಿಲ್ಲ, ರಾತ್ರಿ ಪಾಳಿಯಲ್ಲಿ ಕೂರ್ತಿದ್ದ ಪಂಜಾಬಿ ಹುಡುಗ ಹೊಸ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದ.

ಪೂಜೆ ದಿನ ದಾವಣಗೆರೆ ಹುಡುಗಿ ಊಟ ಆದ ಮೇಲೆ ಹೇಳಿದ್ಲು, ಅವ್ರ ಮನೆ ಹತ್ರ ಕಾಲ್ಟೆಕ್ಸ್ ಇದೆಯಂತೆ. ಇಲ್ಲ ಕಣಮ್ಮ ಅದು ಹೋಯ್ತು ಅಂದೆ. ಫೋನಲ್ಲಿ ಫೋಟೋ ತೋರಿಸಿದ್ಲು, ಹೌದು, ಅದೇ ಕೆಂಪು ನಕ್ಷತ್ರ. ಆಮೇಲೆ ಓದಿ ನೋಡಿದೆ. ಹೆಸರು ವಾಪಸ್ ತಗೊಂಡ ಶೆವ್ರಾನ್‌ನೋರು ಪ್ಯೂಮಾ ಅನ್ನೋ ಇನ್ನೊಂದು ಕಂಪ್ನಿಯ ಬಂಕುಗಳನ್ನ ಕೊಂಡು, ಅವಕ್ಕೆ ಕಾಲ್ಟೆಕ್ಸ್ ಅಂತ ಬೋರ್ಡು ಹಾಕ್ತಾ ಬಂದಿದಾರೆ.

ಭಾನುವಾರ ಮಾವನವ್ರಿಗೆ ವಿಡಿಯೋ ಕಾಲ್ ಮಾಡಿದಾಗ ಆ ಫೋಟೋ ಕಳಿಸಿದ್ದೆ. ಈಗ ಎಂಬತ್ತು ದಾಟಿದೆ ಅವ್ರಿಗೆ, ಕಣ್ಣಿನ ಆಪರೇಷನ್ನೂ ಆಗಿದೆ, ಫೋನ್ ಮೂಗಿನ ಹತ್ರ ಹಿಡಿದು ನೋಡಿದ್ರು.

"ಅದೇ ಬಂಕಾ ಇದು, ನಾನು ಫೋಟೋ ತೆಗೆಸ್ಕೊಂಡಿದ್ದು?"

"ಅಲ್ಲ ಮಾವ, ಇದು ಬೇರೆ. ಅದಕ್ಕೆ ಈಗ ಬೇರೆ ಹೆಸರು. ಇದಕ್ಕೆ ಆ ಹೆಸರು ಬಂದಿದೆ."

ಸ್ವಲ್ಪ ಹೊತ್ತು ಯೋಚ್ನೆ ಮಾಡಿದ್ರು. "ಟೈರಿಗೆ ಗಾಳಿ ಹಾಕೋ ಹುಡುಗ ಇದಾನೇನಮ್ಮ ಅಲ್ಲಿ?"

"ಇಲ್ಲ ಮಾವ, ಇಲ್ಲೆಲ್ಲ ನಾವೇ ಹಾಕ್ಕೋಬೇಕು."

"ಹಂಗಾದ್ರೆ ಅದೆಂಥ ಕಾಲ್ಟೆಕ್ಸು" ಅಂದು ಫೋನನ್ನ ಅತ್ತೆ ಕೈಗೆ ಕೊಟ್ರು.